ಸಾರ್ವಜನಿಕ ಸೇವೆ ಮತ್ತು ಪರಿಸರ ಸಂರಕ್ಷಣೆಯಲ್ಲಿ ತಂತ್ರಜ್ಞಾನ ಹಾಗೂ ಕೃತಕ ಬುದ್ಧಿಮತ್ತೆ: ನಾಗರಿಕರಿಗೆ ಮಾಹಿತಿ

(ಬೆಂಗಳೂರು ಪಶ್ಚಿಮ ಭಾಗದ ಮೂಡಲಪಾಳ್ಯ ಹಾಗೂ ಸುತ್ತಮುತ್ತಲಿನ ಬಡಾವಣೆಗಳ ಅರ್ಜಿದಾರರ ತಿಳಿವಳಿಕೆಗಾಗಿ)

1. ಪೀಠಿಕೆ

ಸರ್ಕಾರದ ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ಇಂದು ಬಹುಮಟ್ಟಿಗೆ ಗಣಕಯಂತ್ರದ ಮೂಲಕವೇ ವ್ಯವಹರಿಸುತ್ತಾರೆ. ಅರ್ಜಿಯ ಸ್ವೀಕೃತಿ, ದಾಖಲೆಗಳ ತಾಳೆ, ಶುಲ್ಕ ಪಾವತಿ, ಪ್ರಮಾಣಪತ್ರದ ವಿತರಣೆ ಇವೆಲ್ಲವೂ ಗಣಕೀಕರಣಗೊಂಡಿವೆ. ಇದರ ಜೊತೆಗೆ ಮಳೆಯ ಪ್ರಮಾಣ, ರಾಜಕಾಲುವೆಯ ನೀರಿನ ಮಟ್ಟ, ಅಂತರ್ಜಲ, ಸಾಂಕ್ರಾಮಿಕ ರೋಗಗಳ ಹರಡುವಿಕೆ ಮುಂತಾದವುಗಳನ್ನು ಯಂತ್ರಗಳ ನೆರವಿನಿಂದ ಅಳೆದು ಮುನ್ಸೂಚನೆ ನೀಡುವ ವ್ಯವಸ್ಥೆಗಳೂ ಜಾರಿಯಲ್ಲಿವೆ.

ಈ ವ್ಯವಸ್ಥೆಗಳು ಹೇಗೆ ಕೆಲಸ ಮಾಡುತ್ತವೆ, ಅವುಗಳಿಂದ ಯಾವ ಪ್ರಯೋಜನ ಪಡೆಯಬಹುದು, ಯಂತ್ರದ ತಾಳೆಯಲ್ಲಿ ವ್ಯತ್ಯಾಸ ಕಂಡುಬಂದಾಗ ಅರ್ಜಿದಾರರಿಗೆ ಇರುವ ಹಕ್ಕುಗಳೇನು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಯಂತ್ರವು ಅಳೆಯಬಲ್ಲದು, ತಾಳೆ ನೋಡಬಲ್ಲದು, ಅಂದಾಜು ಮಾಡಬಲ್ಲದು. ಆದರೆ ಅರ್ಜಿಯ ಮೇಲಿನ ಆದೇಶಕ್ಕೆ ಉತ್ತರದಾಯಿಯಾಗಿರುವವರು ಅಧಿಕಾರಿಯೇ. ಈ ಒಂದು ಅಂಶವನ್ನು ಅರ್ಜಿದಾರರು ಸದಾ ನೆನಪಿನಲ್ಲಿಡಬೇಕೆಂದು ಕೋರಲಾಗಿದೆ.

2. ಕಾರ್ಯವ್ಯಾಪ್ತಿ

ಮೂಡಲಪಾಳ್ಯವು ಈ ಹಿಂದೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿತ್ತು. ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024 ಜಾರಿಗೆ ಬಂದ ನಂತರ, 2025ರ ಸೆಪ್ಟೆಂಬರ್ ತಿಂಗಳಿನಿಂದ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಗಿದ್ದು, ಈ ಪ್ರದೇಶವು ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿದೆ. ಹಳೆಯ ರಸೀದಿಗಳಲ್ಲಿರುವ ವಾರ್ಡ್ ಸಂಖ್ಯೆ ಈಗಿನದಕ್ಕಿಂತ ಬೇರೆಯಾಗಿರಬಹುದು. ಆದ್ದರಿಂದ ಅರ್ಜಿಯಲ್ಲಿ ವಾರ್ಡ್ ಸಂಖ್ಯೆಯೊಂದಿಗೆ ಸ್ವತ್ತಿನ ಸಂಖ್ಯೆ, ಅಡ್ಡರಸ್ತೆ, ಮುಖ್ಯರಸ್ತೆ ಹಾಗೂ ಪಿನ್ ಕೋಡ್ ತಪ್ಪದೆ ನಮೂದಿಸುವುದು.

ಸೇವೆಗಳಿಗೆ ಸಂಬಂಧಿಸಿದ ಸಂಸ್ಥೆಗಳು ಈ ಕೆಳಕಂಡಂತಿವೆ:

(ಅ) ಖಾತಾ, ಆಸ್ತಿ ತೆರಿಗೆ, ಕಸ ವಿಲೇವಾರಿ, ಬಡಾವಣೆಯ ಚರಂಡಿ: ನಗರ ಪಾಲಿಕೆ.
(ಆ) ಕುಡಿಯುವ ನೀರು, ಒಳಚರಂಡಿ, ಮಳೆನೀರು ಸಂಗ್ರಹ: ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ.
(ಇ) ವಿದ್ಯುತ್ ಸಂಪರ್ಕ: ಬೆಸ್ಕಾಂ.
(ಈ) ಜಾತಿ, ಆದಾಯ, ವಾಸಸ್ಥಳ ಪ್ರಮಾಣಪತ್ರ ಹಾಗೂ ಸಾಮಾಜಿಕ ಭದ್ರತಾ ಪಿಂಚಣಿ: ಕಂದಾಯ ಇಲಾಖೆಯ ನಾಡಕಚೇರಿ.

ಇವುಗಳಲ್ಲಿ ಅನೇಕ ಸೇವೆಗಳಿಗೆ 2005ರಲ್ಲಿ ಆರಂಭವಾದ ಬೆಂಗಳೂರು ಒನ್ ಕೇಂದ್ರಗಳಲ್ಲಿ ಹಾಗೂ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಸಲ್ಲಿಸಲು ಅವಕಾಶ ಕಲ್ಪಿಸಲಾಗಿದೆ.

3. ಹಿನ್ನೆಲೆ: 'ಭೂಮಿ' ಯೋಜನೆಯಿಂದ ಕಲಿತ ಪಾಠ

ಕರ್ನಾಟಕದಲ್ಲಿ ತಂತ್ರಜ್ಞಾನವನ್ನು ಜನಸಾಮಾನ್ಯರ ಹಿತಕ್ಕೆ ಬಳಸಿದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಕಂದಾಯ ಇಲಾಖೆಯ 'ಭೂಮಿ' ಯೋಜನೆ ಮುಖ್ಯವಾದುದು. ಅದಕ್ಕೆ ಮುನ್ನ ಪಹಣಿಗಳು ಕೈಬರಹದಲ್ಲಿದ್ದು, ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ರೈತನಿಗೆ ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರು ಸಿಗುವವರೆಗೆ ಕಾಯಬೇಕಾಗಿತ್ತು. ದಾಖಲೆಯಲ್ಲಿ ಏನು ಬರೆದಿದೆ ಎಂಬುದನ್ನು ನೋಡುವ ಅವಕಾಶವೂ ಸುಲಭವಾಗಿರಲಿಲ್ಲ. 2000ರಿಂದ 2002ರ ಅವಧಿಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, ತಾಲ್ಲೂಕು ಕಚೇರಿಗಳಲ್ಲಿ ಕಿಯೋಸ್ಕ್‌ಗಳನ್ನು ತೆರೆಯಲಾಯಿತು. ಆಗ 15 ರೂಪಾಯಿ ಶುಲ್ಕಕ್ಕೆ ಪಹಣಿ ಪ್ರತಿ ದೊರೆಯಿತು. ಕೈಬರಹದ ಪಹಣಿಯನ್ನು ಬಳಕೆಯಿಂದ ಕೈಬಿಡಲಾಯಿತು.

ಈ ಯೋಜನೆಯಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ಮೊದಲನೆಯದು, ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವನ್ನು ರೂಪಿಸಲಾಗಿತ್ತು. ದಾಖಲೆ ತೆರೆಯುವ ಸಿಬ್ಬಂದಿಯು ಬೆರಳಚ್ಚು ನೀಡಿಯೇ ಒಳಪ್ರವೇಶಿಸಬೇಕಾಗಿತ್ತು. ಹಾಗಾಗಿ ಯಾರು, ಯಾವಾಗ, ಏನು ಬದಲಾಯಿಸಿದರು ಎಂಬುದು ದಾಖಲಾಯಿತು. ಎರಡನೆಯದು, ಕೈಬರಹದ ಪಹಣಿಯಲ್ಲಿದ್ದ ತಪ್ಪುಗಳೂ ಗಣಕಯಂತ್ರಕ್ಕೆ ಬಂದವು. ವಿಸ್ತೀರ್ಣದಲ್ಲಿ ಒಂದು ಗುಂಟೆ ಕಡಿಮೆ, ತಂದೆಯ ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸ ಮುಂತಾದ ತಪ್ಪುಗಳನ್ನು ಸರಿಪಡಿಸಲು ಕಂದಾಯ ಅದಾಲತ್‌ಗಳನ್ನು ನಡೆಸಬೇಕಾಯಿತು. ಯಂತ್ರಕ್ಕೆ ಕೊಟ್ಟ ದಾಖಲೆ ಎಷ್ಟು ಸರಿಯೋ ಯಂತ್ರ ನೀಡುವ ಉತ್ತರವೂ ಅಷ್ಟೇ ಸರಿ. ಕಾಲು ಶತಮಾನದ ನಂತರ ಬಂದಿರುವ ಕೃತಕ ಬುದ್ಧಿಮತ್ತೆಗೂ ಈ ಮಾತು ಅನ್ವಯಿಸುತ್ತದೆ.

ನಗರದ ಪಶ್ಚಿಮ ಭಾಗದ ಅನೇಕ ಬಡಾವಣೆಗಳು ಹಿಂದೆ ಸಾಗುವಳಿ ಜಮೀನುಗಳಾಗಿದ್ದವು. ನಿವೇಶನದ ಮೂಲ ದಾಖಲೆಗಾಗಿ ಹಳೆಯ ಸರ್ವೆ ನಂಬರಿನ ಪಹಣಿ ಇಂದಿಗೂ ಬೇಕಾಗುವುದರಿಂದ, ಮೇಲ್ಕಂಡ ವಿಷಯವು ನಗರವಾಸಿಗಳಿಗೂ ಸಂಬಂಧಿಸಿದ್ದಾಗಿದೆ.

4. ಕಾಲಮಿತಿಯಲ್ಲಿ ಸೇವೆ: 'ಸಕಾಲ'

ದಾಖಲೆಗಳ ಗಣಕೀಕರಣವೊಂದರಿಂದಲೇ ವಿಳಂಬ ತಪ್ಪುವುದಿಲ್ಲ. ಈ ಕಾರಣದಿಂದ 2011ರಲ್ಲಿ ಸಕಾಲ ಅಧಿನಿಯಮವನ್ನು ರಚಿಸಿ, 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೆ ತರಲಾಯಿತು. ಆರಂಭದಲ್ಲಿ 11 ಇಲಾಖೆಗಳ 151 ಸೇವೆಗಳನ್ನು ಸೇರಿಸಲಾಗಿದ್ದು, ನಂತರದ ವರ್ಷಗಳಲ್ಲಿ ಸೇವೆಗಳ ಸಂಖ್ಯೆಯನ್ನು ಹೆಚ್ಚಿಸಲಾಗಿದೆ.

ಅಧಿನಿಯಮದ ಮುಖ್ಯಾಂಶಗಳು:

(ಅ) ಪ್ರತಿಯೊಂದು ಸೇವೆಗೂ ಕಾಲಮಿತಿ ನಿಗದಿಯಾಗಿರುತ್ತದೆ.
(ಆ) ಅರ್ಜಿ ಸ್ವೀಕರಿಸಿದ ಕೂಡಲೇ 15 ಅಂಕೆಗಳ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿ ಪತ್ರ ನೀಡಬೇಕು.
(ಇ) ಅರ್ಜಿ ತಿರಸ್ಕೃತವಾದಲ್ಲಿ ಕಾರಣ ತಿಳಿಸಬೇಕು.
(ಈ) ವಿಳಂಬವಾದಲ್ಲಿ ಅಥವಾ ತಿರಸ್ಕೃತವಾದಲ್ಲಿ ಮೊದಲು ಸಕ್ಷಮ ಅಧಿಕಾರಿಗೆ, ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.
(ಉ) ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೋರಬಹುದು. ಈ ಮೊತ್ತವನ್ನು ತಪ್ಪಿತಸ್ಥ ಅಧಿಕಾರಿಯಿಂದ ವಸೂಲಿ ಮಾಡಲಾಗುತ್ತದೆ.

500 ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಆ ಮೊತ್ತದೊಂದಿಗೆ ವಿಳಂಬಕ್ಕೆ ಕಾರಣರಾದ ಅಧಿಕಾರಿಯ ಹೆಸರು ದಾಖಲಾಗುತ್ತದೆ. ಸ್ವೀಕೃತಿ ಪತ್ರವಿಲ್ಲದೆ ಈ ಯಾವ ಹಕ್ಕನ್ನೂ ಚಲಾಯಿಸಲು ಸಾಧ್ಯವಿಲ್ಲವಾದ್ದರಿಂದ, ಅದನ್ನು ಪಡೆಯದೆ ಕಚೇರಿಯಿಂದ ತೆರಳಬಾರದಾಗಿ ಸೂಚಿಸಲಾಗಿದೆ.

5. ಮಳೆ ಮತ್ತು ನೆರೆ ಮುನ್ಸೂಚನೆ

ಮೂಡಲಪಾಳ್ಯ, ನಾಗರಭಾವಿ, ವಿಜಯನಗರ, ಗೋವಿಂದರಾಜನಗರ ಪ್ರದೇಶಗಳ ಮಳೆನೀರು ವೃಷಭಾವತಿ ಕಣಿವೆಗೆ ಹರಿಯುತ್ತದೆ. ಬಸವನಗುಡಿ ಹಾಗೂ ಮಲ್ಲೇಶ್ವರದ ದಿಣ್ಣೆಗಳಲ್ಲಿ ಹುಟ್ಟುವ ತೊರೆಗಳಿಂದ ರೂಪುಗೊಂಡ ಈ ನದಿಯು ಮೈಸೂರು ರಸ್ತೆಯ ಗುಂಟ ಕೆಂಗೇರಿಯತ್ತ ಸಾಗಿ, ಬೈರಮಂಗಲ ಕೆರೆಯನ್ನು ಸೇರಿ, ಮುಂದೆ ಅರ್ಕಾವತಿಗೆ ಕೂಡುತ್ತದೆ. ಇಂದು ಅದರಲ್ಲಿ ಹರಿಯುತ್ತಿರುವುದು ಬಹುಪಾಲು ಕೊಳಚೆ ನೀರು. ಮನೆಗಳೂ ರಸ್ತೆಗಳೂ ಹೆಚ್ಚಿ ಮಣ್ಣಿನ ನೆಲ ಕಡಿಮೆಯಾಗಿರುವುದರಿಂದ, ಬಿದ್ದ ಮಳೆ ಭೂಮಿಗೆ ಇಂಗದೆ ಕೆಲವೇ ನಿಮಿಷಗಳಲ್ಲಿ ರಾಜಕಾಲುವೆಗೆ ನುಗ್ಗುತ್ತದೆ. 2017ರ ಅಕ್ಟೋಬರ್‌ನಲ್ಲಿ ಸುರಿದ ಮಳೆಗೆ ಇದೇ ಪಶ್ಚಿಮ ಭಾಗದ ಕುರುಬರಹಳ್ಳಿಯಲ್ಲಿ ಜನರು ನೀರಿನಲ್ಲಿ ಕೊಚ್ಚಿಹೋಗಿ ಪ್ರಾಣಹಾನಿ ಸಂಭವಿಸಿತು. ಇಂತಹ ಸಂದರ್ಭದಲ್ಲಿ ಅರ್ಧ ಗಂಟೆ ಮುಂಚಿತವಾಗಿ ದೊರೆಯುವ ಎಚ್ಚರಿಕೆಯೂ ಜೀವ ಉಳಿಸಬಲ್ಲದು.

ಈ ಕೆಲಸವನ್ನು ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ನಿರ್ವಹಿಸುತ್ತಿದೆ. 1988ರಲ್ಲಿ ಬರ ಪರಿಸ್ಥಿತಿಯ ಉಸ್ತುವಾರಿಗಾಗಿ ಆರಂಭವಾದ ಘಟಕವೇ 2007ರಲ್ಲಿ ಈ ಹೆಸರು ಪಡೆಯಿತು. ರಾಜ್ಯದ ಗ್ರಾಮ ಪಂಚಾಯಿತಿ ಮಟ್ಟದವರೆಗೆ ದೂರಸಂವೇದಿ ಮಳೆಮಾಪಕಗಳನ್ನು ಅಳವಡಿಸಲಾಗಿದ್ದು, ಅವು 15 ನಿಮಿಷಗಳಿಗೊಮ್ಮೆ ಮಾಹಿತಿಯನ್ನು ಕೇಂದ್ರಕ್ಕೆ ರವಾನಿಸುತ್ತವೆ. ಬೆಂಗಳೂರು ನಗರಕ್ಕೆ ಸಂಬಂಧಿಸಿದಂತೆ, ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ಮಳೆಮಾಪಕಗಳು ಹಾಗೂ ರಾಜಕಾಲುವೆಗಳ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳ ಮಾಹಿತಿಯನ್ನು ಬಳಸಿ ನೆರೆಯ ಮುನ್ಸೂಚನೆ ನೀಡುವ ಮಾದರಿಯನ್ನು ರೂಪಿಸಲಾಯಿತು. ಇದರ ಆಧಾರದ ಮೇಲೆ 2020ರಲ್ಲಿ 'ಬೆಂಗಳೂರು ಮೇಘ ಸಂದೇಶ' ಎಂಬ ಮೊಬೈಲ್ ಆ್ಯಪ್ ಬಿಡುಗಡೆಯಾಯಿತು. ಸಿಡಿಲಿನ ಮುನ್ನೆಚ್ಚರಿಕೆಗೆ 'ಸಿಡಿಲು' ಆ್ಯಪ್ ಹಾಗೂ ರೈತರಿಗೆ ಹವಾಮಾನ ಮಾಹಿತಿ ನೀಡಲು 'ವರುಣ ಮಿತ್ರ' ಸಹಾಯವಾಣಿಯನ್ನೂ ಕೇಂದ್ರವು ರೂಪಿಸಿದೆ.

ಸೆನ್ಸರ್ ಕಾಲುವೆಯ ನೀರಿನ ಮಟ್ಟವನ್ನು ತಿಳಿಸುತ್ತದೆಯೇ ಹೊರತು ಕಾಲುವೆಯಲ್ಲಿ ಸಿಕ್ಕಿಕೊಂಡಿರುವ ಹಾಸಿಗೆ, ಕಟ್ಟಡ ತ್ಯಾಜ್ಯ ಹಾಗೂ ಪ್ಲಾಸ್ಟಿಕ್ ಚೀಲಗಳನ್ನು ತೆಗೆಯುವುದಿಲ್ಲ. ರಾಜಕಾಲುವೆಗೆ ಕಸ ಹಾಕುವುದನ್ನು ನಿಲ್ಲಿಸುವುದು ಹಾಗೂ ಕಟ್ಟಿಕೊಂಡ ಚರಂಡಿಯ ಬಗ್ಗೆ ಮಳೆಗಾಲಕ್ಕೆ ಮುನ್ನವೇ ಪಾಲಿಕೆಗೆ ದೂರು ನೀಡುವುದು ನಾಗರಿಕರಿಂದಲೇ ಆಗಬೇಕಾದ ಕೆಲಸ. ತಗ್ಗಿನ ಮನೆಗಳಲ್ಲಿ ವಾಸಿಸುವವರು ಎಚ್ಚರಿಕೆ ಬಂದ ಕೂಡಲೇ ವೃದ್ಧರು, ಮಕ್ಕಳು ಹಾಗೂ ದಾಖಲೆಪತ್ರಗಳನ್ನು ಮೇಲಿನ ಮಹಡಿಗೆ ಸ್ಥಳಾಂತರಿಸುವುದು ಸೂಕ್ತ.

6. ನೀರಿನ ಮಿತಬಳಕೆ

ಬೆಂಗಳೂರಿಗೆ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಲ್ಪಟ್ಟು ಬರುತ್ತದೆ. ಆದ್ದರಿಂದ ನಲ್ಲಿಯಲ್ಲಿ ವ್ಯರ್ಥವಾಗುವ ಪ್ರತಿ ಕೊಡ ನೀರಿನೊಂದಿಗೆ ವಿದ್ಯುತ್ತೂ ವ್ಯರ್ಥವಾಗುತ್ತದೆ. 2024ರ ಬೇಸಿಗೆಯಲ್ಲಿ ಅಂತರ್ಜಲ ಕುಸಿದು, ಸಾವಿರಾರು ಕೊಳವೆ ಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಜನರು ಪರದಾಡಿದ್ದನ್ನು ಎಲ್ಲರೂ ಬಲ್ಲರು. ಆ ವರ್ಷದ ಮಾರ್ಚ್‌ನಲ್ಲಿ ಜಲಮಂಡಳಿಯು ವಾಹನ ತೊಳೆಯಲು ಹಾಗೂ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿಪಡಿಸಿತು. ವಾಣಿಜ್ಯ ಕಟ್ಟಡ ಹಾಗೂ ಅಪಾರ್ಟ್‌ಮೆಂಟ್‌ಗಳಲ್ಲಿ ನಲ್ಲಿಗಳಿಗೆ ಏರಿಯೇಟರ್ ಅಳವಡಿಸುವಂತೆಯೂ ಸೂಚಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ 5ನೇ ಹಂತವು ಉದ್ಘಾಟನೆಗೊಂಡಿತು.

ಕೊಳವೆ ಬಾವಿಗಳಿಗೆ ಸೆನ್ಸರ್ ಅಳವಡಿಸಿ, ನೀರಿನ ಮಟ್ಟ ಇಳಿದಾಗ ಪಂಪು ಒಣಗಿ ಓಡದಂತೆ ತಡೆಯುವುದು ಹಾಗೂ ಮುಂದಿನ ತಿಂಗಳುಗಳ ಅಂತರ್ಜಲ ಮಟ್ಟವನ್ನು ಅಂದಾಜು ಮಾಡುವುದು ತಂತ್ರಜ್ಞಾನದ ಉಪಯುಕ್ತ ಬಳಕೆಗಳಾಗಿವೆ. ಇವು ನೀರನ್ನು ಸೃಷ್ಟಿಸುವುದಿಲ್ಲ. ಇರುವ ನೀರು ಎಷ್ಟು ಎಂಬುದನ್ನು ಮಾತ್ರ ಸಕಾಲದಲ್ಲಿ ತಿಳಿಸುತ್ತವೆ.

ನೀರನ್ನು ಹೆಚ್ಚಿಸುವ ಅತ್ಯಂತ ಸರಳ ತಂತ್ರಜ್ಞಾನವೆಂದರೆ ಮಳೆನೀರು ಸಂಗ್ರಹ. 2009ರ ತಿದ್ದುಪಡಿಯಂತೆ 2,400 ಚದರ ಅಡಿ ಹಾಗೂ ಹೆಚ್ಚಿನ ನಿವೇಶನದಲ್ಲಿರುವ ಹಳೆಯ ಕಟ್ಟಡಗಳಿಗೆ ಮತ್ತು 1,200 ಚದರ ಅಡಿ ಹಾಗೂ ಹೆಚ್ಚಿನ ನಿವೇಶನದಲ್ಲಿ ಹೊಸದಾಗಿ ಕಟ್ಟುವ ಕಟ್ಟಡಗಳಿಗೆ ಇದನ್ನು ಕಡ್ಡಾಯಗೊಳಿಸಲಾಗಿದೆ. ತಪ್ಪಿದಲ್ಲಿ ನೀರಿನ ಬಿಲ್ಲಿನೊಂದಿಗೆ ದಂಡ ವಿಧಿಸಲಾಗುತ್ತದೆ.

ಉದಾಹರಣೆ: 30x40 ಅಡಿ ನಿವೇಶನದಲ್ಲಿ 1,000 ಚದರ ಅಡಿ, ಅಂದರೆ ಸುಮಾರು 93 ಚದರ ಮೀಟರ್ ಛಾವಣಿ ಇದೆ ಎಂದುಕೊಳ್ಳೋಣ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಗರದ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿ.ಮೀ. ಎಂದು ಪರಿಗಣಿಸಿದರೆ ಛಾವಣಿಯ ಮೇಲೆ ಬೀಳುವ ನೀರು ಸುಮಾರು 90,000 ಲೀಟರ್. ಐದನೇ ಒಂದು ಭಾಗ ನಷ್ಟವಾಯಿತೆಂದರೂ 72,000 ಲೀಟರ್ ಉಳಿಯುತ್ತದೆ. ತಲಾ 135 ಲೀಟರ್‌ನಂತೆ ನಾಲ್ಕು ಜನರ ಕುಟುಂಬಕ್ಕೆ ದಿನಕ್ಕೆ 540 ಲೀಟರ್ ಬೇಕಾಗುವುದರಿಂದ, ಇದು 133 ದಿನಗಳ ಬಳಕೆಗೆ ಸಮ. ಎಲ್ಲವನ್ನೂ ಸಂಪಿನಲ್ಲಿ ಹಿಡಿದಿಡಲು ಸಾಧ್ಯವಿಲ್ಲ. ಹೆಚ್ಚಾದುದನ್ನು ಇಂಗುಗುಂಡಿಗೆ ಬಿಟ್ಟಲ್ಲಿ ಅಂತರ್ಜಲ ಹೆಚ್ಚುತ್ತದೆ, ರಾಜಕಾಲುವೆಯ ಮೇಲಿನ ಒತ್ತಡವೂ ಕಡಿಮೆಯಾಗುತ್ತದೆ.

ನೀರು ತುಂಬಿಟ್ಟ ಡ್ರಮ್ಮು, ಸಂಪುಗಳನ್ನು ಮುಚ್ಚಿಡುವುದು ಅಷ್ಟೇ ಅಗತ್ಯ. ಡೆಂಗಿ ಹರಡುವ ಸೊಳ್ಳೆಯು ನಿಂತ ಶುದ್ಧ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಆರ್ಟ್‌ಪಾರ್ಕ್ ಸಂಸ್ಥೆಯು ರೋಗಪ್ರಕರಣ ಹಾಗೂ ಹವಾಮಾನದ ಮಾಹಿತಿಯನ್ನು ಜೋಡಿಸಿ, ಡೆಂಗಿ ಎಲ್ಲಿ ಹೆಚ್ಚಬಹುದು ಎಂಬುದನ್ನು ಅಂದಾಜಿಸಲು ರಾಜ್ಯದ ಆರೋಗ್ಯ ಇಲಾಖೆಗೆ ನೆರವಾಗುತ್ತಿದೆ.

7. ಕೃತಕ ಬುದ್ಧಿಮತ್ತೆ: ಎಲ್ಲಿ ಸೂಕ್ತ, ಎಲ್ಲಿ ಎಚ್ಚರ ಅಗತ್ಯ

'ಭೂಮಿ'ಯಂತಹ ತಂತ್ರಾಂಶವು ಮೊದಲೇ ನಿಗದಿಪಡಿಸಿದ ನಿಯಮವನ್ನು ಪಾಲಿಸುತ್ತದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶವು ಹಿಂದಿನ ಸಾವಿರಾರು ಉದಾಹರಣೆಗಳಲ್ಲಿನ ಸಾಮ್ಯವನ್ನು ಗುರುತಿಸಿ, ಹೊಸ ಪ್ರಕರಣದ ಬಗ್ಗೆ ಅಂದಾಜು ನೀಡುತ್ತದೆ. ಅಂದಾಜು ಬಹುಪಾಲು ಸರಿಯಿರಬಹುದು, ಕೆಲವೊಮ್ಮೆ ತಪ್ಪಲೂಬಹುದು.

ತಪ್ಪಿನ ಪರಿಣಾಮ ಎಲ್ಲೆಡೆ ಒಂದೇ ಅಲ್ಲ. ಮಳೆಯ ಮುನ್ಸೂಚನೆ ತಪ್ಪಿ ಮಳೆ ಬಾರದಿದ್ದಲ್ಲಿ ಕೊಡೆ ಹಿಡಿದು ಹೊರಟವರಿಗೆ ನಷ್ಟವೇನೂ ಇಲ್ಲ. ಆದರೆ ಪಡಿತರ ಚೀಟಿ ಅಥವಾ ಪಿಂಚಣಿಯ ವಿಷಯದಲ್ಲಿ ಯಂತ್ರದ ತಾಳೆ ತಪ್ಪಿದರೆ ಒಂದು ಮನೆಯ ಆ ತಿಂಗಳ ಅಕ್ಕಿ, ಒಬ್ಬ ವೃದ್ಧೆಯ ಔಷಧದ ಹಣ ನಿಂತುಹೋಗುತ್ತದೆ. ಆದ್ದರಿಂದ ಮುನ್ನೆಚ್ಚರಿಕೆ ನೀಡಲು, ಯಾವ ಸ್ಥಳವನ್ನು ಮೊದಲು ಪರಿಶೀಲಿಸಬೇಕೆಂದು ಸೂಚಿಸಲು, ಅರ್ಜಿಗಳನ್ನು ವಿಂಗಡಿಸಲು ಅಂದಾಜು ಸಾಕು. ಸೌಲಭ್ಯವನ್ನು ನಿರಾಕರಿಸಲು ಅಂದಾಜು ಸಾಲದು.

ಅರ್ಜಿದಾರರಿಗೆ ಸಾಮಾನ್ಯವಾಗಿ ಎದುರಾಗುವ ತೊಡಕುಗಳು:

(ಅ) ಹೆಸರಿನ ವ್ಯತ್ಯಾಸ. ಕನ್ನಡದಲ್ಲಿ 'ಲಕ್ಷ್ಮಮ್ಮ' ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ದಾಖಲೆಯಲ್ಲಿ 'ಕೆ-ಎಸ್' ಅಕ್ಷರಗಳಿಂದಲೂ ಇನ್ನೊಂದರಲ್ಲಿ 'ಎಕ್ಸ್' ಅಕ್ಷರದಿಂದಲೂ ಬರೆಯಲಾಗಿರುತ್ತದೆ. ಇನಿಷಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಪೂರ್ಣ ಹೆಸರಾಗಿ ಇರುತ್ತದೆ. ಮನುಷ್ಯರಿಗೆ ಒಬ್ಬರೇ ಎಂದು ತಿಳಿಯುವುದು ಯಂತ್ರಕ್ಕೆ ಇಬ್ಬರಾಗಿ ಕಾಣಬಹುದು.

(ಆ) ಬೆರಳಚ್ಚು ತಾಳೆಯಾಗದಿರುವುದು. ವಯಸ್ಸಾದವರು, ಗಾರೆ ಕೆಲಸದವರು, ಅಗರಬತ್ತಿ ಹೊಸೆಯುವವರು, ಪಾತ್ರೆ ತೊಳೆಯುವವರ ಬೆರಳ ಗೆರೆಗಳು ಸವೆದಿರುತ್ತವೆ.

(ಇ) ಮೊಬೈಲ್ ಸಂಖ್ಯೆ ಬದಲಾಗಿರುವುದು. ಹಳೆಯ ಸಂಖ್ಯೆಗೆ ಹೋಗುವ ಒಟಿಪಿ ಅರ್ಜಿದಾರರನ್ನು ತಲುಪುವುದಿಲ್ಲ.

ಈ ವಿಷಯದಲ್ಲಿ ಕಾನೂನಿನ ನಿಲುವು ಸ್ಪಷ್ಟವಾಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಸಲ್ಲಿಸಿದ್ದ ಅರ್ಜಿಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಅದೇ ಪ್ರಕರಣದ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಆಧಾರ್ ಕಾಯ್ದೆಯನ್ನು ಬಹುಮತದಿಂದ ಎತ್ತಿಹಿಡಿಯುವಾಗ, ದೃಢೀಕರಣ ವಿಫಲವಾದ ಕಾರಣಕ್ಕೆ ಅರ್ಹ ವ್ಯಕ್ತಿಯು ಸೌಲಭ್ಯದಿಂದ ವಂಚಿತನಾಗಬಾರದೆಂದು ತಿಳಿಸಲಾಗಿದೆ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಪ್ರತ್ಯೇಕ ಕಾಯ್ದೆ ರೂಪುಗೊಂಡಿದ್ದು, ಅದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಪ್ರಕಟಿಸಿ ಹಂತ ಹಂತವಾಗಿ ಜಾರಿಗೊಳಿಸಲಾಗುತ್ತಿದೆ.

8. ಅರ್ಜಿದಾರರು ಅನುಸರಿಸಬೇಕಾದ ಕ್ರಮ

1) ಅರ್ಜಿ ಸಲ್ಲಿಸುವ ಮೊದಲು ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಹಾಗೂ ಸ್ವತ್ತಿನ ದಾಖಲೆಗಳಲ್ಲಿನ ಹೆಸರನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡುವುದು.
2) ವ್ಯತ್ಯಾಸವಿದ್ದಲ್ಲಿ ಮೊದಲು ಅದನ್ನು ತಿದ್ದುಪಡಿ ಮಾಡಿಸುವುದು.
3) ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆಯನ್ನೇ ನೀಡುವುದು, ಮಧ್ಯವರ್ತಿಯ ಸಂಖ್ಯೆಯನ್ನು ನೀಡದಿರುವುದು.
4) ಒಟಿಪಿಯನ್ನು ದೂರವಾಣಿಯಲ್ಲಿ ಕೇಳುವ ಯಾರಿಗೂ ತಿಳಿಸದಿರುವುದು.
5) ಸಕಾಲ ಸಂಖ್ಯೆಯುಳ್ಳ ಸ್ವೀಕೃತಿ ಪತ್ರ ಪಡೆದು, ಕೊನೆಯ ದಿನಾಂಕವನ್ನು ಗುರುತು ಹಾಕಿಕೊಳ್ಳುವುದು.
6) 'ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ' ಎಂಬ ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗದೆ, ಕಾರಣ ಸಹಿತ ಲಿಖಿತ ಹಿಂಬರಹ ಕೋರುವುದು.
7) ಹಿಂಬರಹದ ಆಧಾರದ ಮೇಲೆ ನಿಗದಿತ ಅವಧಿಯೊಳಗೆ ಮೇಲ್ಮನವಿ ಸಲ್ಲಿಸುವುದು.
8) ಹಳೆಯ ಮೊಬೈಲ್, ಬ್ಯಾಟರಿ ಮುಂತಾದ ವಿದ್ಯುನ್ಮಾನ ತ್ಯಾಜ್ಯವನ್ನು ಮನೆಯ ಕಸದೊಂದಿಗೆ ಬೆರೆಸದೆ ಅಧಿಕೃತ ಸಂಗ್ರಹಣಾ ಕೇಂದ್ರಕ್ಕೆ ನೀಡುವುದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ ಅರ್ಜಿಯನ್ನು ಯಂತ್ರವೇ ತಿರಸ್ಕರಿಸಿದೆ ಎನ್ನುತ್ತಾರೆ. ಯಾರನ್ನು ಕೇಳಬೇಕು?
ಉತ್ತರ: ಸಕಾಲ ಸೇವೆಯಾಗಿದ್ದಲ್ಲಿ ಪ್ರತಿ ಸೇವೆಗೂ ಒಬ್ಬ ಪದನಿರ್ದೇಶಿತ ಅಧಿಕಾರಿ ಇರುತ್ತಾರೆ. ತಿರಸ್ಕಾರದ ಹೊಣೆ ಅವರದೇ. ಅವರಿಂದ ಲಿಖಿತ ಕಾರಣ ಪಡೆದು ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಪ್ರಶ್ನೆ: ನನ್ನ ತಾಯಿಯ ಬೆರಳಚ್ಚು ತಾಳೆಯಾಗುತ್ತಿಲ್ಲ. ಪಡಿತರ ದೊರೆಯುವುದಿಲ್ಲವೇ?
ಉತ್ತರ: ಆ ಒಂದೇ ಕಾರಣಕ್ಕೆ ಪಡಿತರ ನಿರಾಕರಿಸುವಂತಿಲ್ಲ. ಮೊಬೈಲ್ ಒಟಿಪಿ ಮುಂತಾದ ಪರ್ಯಾಯ ವಿಧಾನವನ್ನು ಕೋರಬಹುದು. ನಿರಾಕರಿಸಿದಲ್ಲಿ ಆಹಾರ ಇಲಾಖೆಯ ನಿರೀಕ್ಷಕರಿಗೆ ಲಿಖಿತ ದೂರು ನೀಡುವುದು. ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ನವೀಕರಿಸಿಕೊಳ್ಳುವುದೂ ಉಪಯುಕ್ತ.

ಪ್ರಶ್ನೆ: ಸ್ಮಾರ್ಟ್‌ಫೋನ್ ಇಲ್ಲದವರು ಅರ್ಜಿ ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ಬೆಂಗಳೂರು ಒನ್ ಕೇಂದ್ರ ಹಾಗೂ ನಾಡಕಚೇರಿಯಲ್ಲಿ ಖುದ್ದಾಗಿ ಅರ್ಜಿ ನೀಡಲು ಅವಕಾಶವಿದೆ.

ಪ್ರಶ್ನೆ: ನಮ್ಮ ಬಡಾವಣೆಯ ರಾಜಕಾಲುವೆಯ ಹೂಳೆತ್ತಲು ಎಷ್ಟು ಹಣ ಖರ್ಚಾಗಿದೆ ಎಂದು ತಿಳಿಯಬಹುದೇ?
ಉತ್ತರ: ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಸಂಬಂಧಿಸಿದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ಒದಗಿಸತಕ್ಕದ್ದು.

10. ಸಮಾರೋಪ

ತಂತ್ರಜ್ಞಾನದಿಂದ ಸಾಲು ಕಡಿಮೆಯಾಗಿದೆ, ಓಡಾಟ ತಗ್ಗಿದೆ, ಮಳೆಗೂ ನೆರೆಗೂ ಮುಂಚಿತವಾಗಿ ಎಚ್ಚರಿಕೆ ದೊರೆಯುತ್ತಿದೆ. ಈ ಪ್ರಯೋಜನಗಳು ಎಲ್ಲರಿಗೂ ತಲುಪಬೇಕಾದರೆ ದಾಖಲೆ ಸರಿಯಿರಬೇಕು, ಕಾಲಮಿತಿ ಪಾಲನೆಯಾಗಬೇಕು, ಯಂತ್ರ ಎಡವಿದಾಗ ಅರ್ಜಿದಾರರ ಮಾತು ಕೇಳುವ ಅಧಿಕಾರಿ ಇರಬೇಕು. ಮೊದಲನೆಯದಕ್ಕೆ ನಾಗರಿಕರ ಸಹಕಾರ ಅಗತ್ಯ. ಉಳಿದೆರಡು ಕಚೇರಿಯ ಕರ್ತವ್ಯ. ಅವುಗಳನ್ನು ಕೇಳಿ ಪಡೆಯುವುದು ನಾಗರಿಕರ ಹಕ್ಕು.

ಸೂಚನೆ: ಮೇಲ್ಕಂಡ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಪ್ರಕಟಿಸಲಾಗಿದೆ. ಸಂಬಂಧಿಸಿದ ಅಧಿನಿಯಮ, ನಿಯಮ ಹಾಗೂ ಆದೇಶಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ. ಶುಲ್ಕ ಮತ್ತು ಕಾಲಮಿತಿಗಳನ್ನು ಅರ್ಜಿ ಸಲ್ಲಿಸುವ ದಿನದಂದು ಕಚೇರಿಯ ಸೂಚನಾ ಫಲಕದಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.